ಐದು ತೂತಿನ ಪ್ಯಾಕಿಂಗ್

16 ನವೆಂಬರ್ 2025, ಭಾನುವಾರ, ರಾತ್ರಿ

ತಿಪಟೂರಿನಿಂದ ಭಾವನ ಫೋನು. 1969ರ ಅಂಬಾಸಡರ್‌ಗೆ ಹೊಸ ಏರ್ ಫಿಲ್ಟರ್ ಹಾಕಿಸಿದ್ದಾರೆ. ಎಣ್ಣೆಯಲ್ಲಿ ಧೂಳು ಹಿಡಿಯುವ ಹಳೆಯ ಆಯಿಲ್ ಬಾತ್ ಡಬ್ಬಿ ತೆಗೆದು, ಅದರ ಜಾಗಕ್ಕೆ ತಟ್ಟೆಯಂಥ ದುಂಡನೆಯ ಫಿಲ್ಟರ್. ಹಾಕಿಸಿದ ದಿನದಿಂದ ಗಾಡಿಗೆ ಪಿಕಪ್ಪೇ ಇಲ್ಲ.

"ಗಾಡಿ ನಿಂತಿರುವಾಗ ಸ್ಲೋ ಸ್ಪೀಡ್‌ನಲ್ಲಿ ಎಂಜಿನ್ ಗಡಿಯಾರದ ಹಾಗೆ ತಿರುಗುತ್ತಿರುತ್ತೆ ಕಣೋ. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಮಾತ್ರ ಮೇಲೇಳಲ್ಲ. ಫಿಲ್ಟರ್ ಬಿಚ್ಚಿದರೆ ಕುದುರೆ ಥರ ಓಡುತ್ತೆ. ಅದಕ್ಕೇ ಈಗ ಬಿಚ್ಚಿಟ್ಟಿದ್ದೀನಿ. ಧೂಳು ಹೋಗಬಾರದು ಅಂತ ಕಾರ್ಬೊರೇಟರ್ ಬಾಯಿಗೆ ಒಂದು ಕರ್ಚೀಫು ಕಟ್ಟಿದೀನಿ."

ಕರ್ಚೀಫು ಅಂದ ತಕ್ಷಣ ಎದೆ ಧಸಕ್ಕೆಂದಿತು. ಉಳಿದ ಮಾತೆಲ್ಲ ಆಮೇಲೆ, ಮೊದಲು ಹೋಗಿ ಅದನ್ನು ಬಿಚ್ಚಿ ಬನ್ನಿ ಭಾವ, ಅಂದೆ. ಬಿಚ್ಚಿ ಬಂದರು.

ಅಂಬಾಸಡರ್‌ನ 1489 ಸಿಸಿ ಬಿ-ಸೀರೀಸ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಮಗ್ಗುಲಲ್ಲಿ. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರ್ ಕೂತಿರುವುದು ಕಾದು ಕೆಂಡವಾಗುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ನೆತ್ತಿಯ ಮೇಲೆ. ಮಿಕ್ಸ್ಚರ್ ಲೀನ್ ಆಗಿದ್ದರೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಇಲ್ಲದಿದ್ದರೆ, ಅಥವಾ ಎಂಜಿನ್ ತಣ್ಣಗಿದ್ದಾಗ ಚೋಕ್ ಬೇಗ ತಳ್ಳಿಬಿಟ್ಟರೆ, ಒಳಗಿನ ಜ್ವಾಲೆ ಒಮ್ಮೊಮ್ಮೆ ಕಾರ್ಬೊರೇಟರ್ ಬಾಯಿಂದ ಹಿಂದಕ್ಕೆ ಚಿಮ್ಮುತ್ತದೆ. ಆ ಬಾಯಲ್ಲಿ ಪೆಟ್ರೋಲಿನ ಹಸಿಯಿರುವ ಬಟ್ಟೆಯಿದ್ದರೆ ಅದು ಬತ್ತಿಯಂತೆ ಹತ್ತಿಕೊಳ್ಳುತ್ತದೆ. ಬೆಂಕಿ ಹತ್ತದಿದ್ದರೂ ಬಟ್ಟೆಯ ನೂಲು ಬಿಚ್ಚಿ ಒಳಗೆ ಹೋಗಿ ಥ್ರಾಟಲ್ ತಟ್ಟೆಗೆ ಸುತ್ತಿಕೊಂಡರೆ ಆಕ್ಸಿಲರೇಟರ್ ಬಿಟ್ಟರೂ ಗಾಡಿಯ ವೇಗ ಇಳಿಯುವುದಿಲ್ಲ. ಸೊಳ್ಳೆ ಪರದೆಯ ತುಂಡು, ಹೆಂಗಸರ ಕಾಲುಚೀಲ, ಸ್ಪಂಜು, ಎಲ್ಲಕ್ಕೂ ಇದೇ ಮಾತು. ಸರಿಯಾದ ಫಿಲ್ಟರ್ ಧೂಳನ್ನು ತಡೆಯುವ ಜೊತೆಗೆ ಹಿಂದಕ್ಕೆ ಚಿಮ್ಮಿದ ಬೆಂಕಿಯನ್ನೂ ತನ್ನ ತಗಡಿನ ಡಬ್ಬಿಯೊಳಗೇ ಹಿಡಿದಿಡುತ್ತದೆ. ಫಿಲ್ಟರ್ ಇಲ್ಲದೆ ಓಡಿಸುವುದಕ್ಕಿಂತ ನಾಲ್ಕು ದಿನ ಗಾಡಿ ಶೆಡ್ಡಿನಲ್ಲಿರಲಿ.

ಆಮೇಲೆ ಕೇಳಿದೆ.

"ಫಿಲ್ಟರ್‌ಗೂ ಕಾರ್ಬೊರೇಟರ್‌ಗೂ ನಡುವೆ ಗಾಳಿ ಸೋರದಂತೆ ಹಾಕುವ ಪ್ಯಾಕಿಂಗ್ ಯಾರು ಕತ್ತರಿಸಿದ್ದು?"

"ಮೇಸ್ತ್ರಿ. ಅಲ್ಲೇ ಪ್ಯಾಕಿಂಗ್ ಶೀಟು ಇಟ್ಟುಕೊಂಡು ಕತ್ತರಿಸಿದ."

"ಅದರಲ್ಲಿ ಎಷ್ಟು ತೂತಿದೆ?"

"ಮೂರು. ನಡುವೆ ದೊಡ್ಡದೊಂದು, ಬೋಲ್ಟಿಗೆ ಎರಡು."

"ಐದಿರಬೇಕು ಭಾವ."

ಸ್ವಲ್ಪ ಹೊತ್ತು ಮಾತಿಲ್ಲ. "ಇನ್ನೆರಡು ಎಲ್ಲಿಗೆ?" ಅಂದರು.

ಅವರ ಗಾಡಿಯಲ್ಲಿರುವ ಕಾರ್ಬೊರೇಟರ್ ಎಸ್‌ಯು ಎಚ್‌ಎಸ್2. ಗಂಟಲಿನ ಅಳತೆ 1¼ ಇಂಚು, ಅಂದರೆ 31.75 ಮಿಲಿಮೀಟರ್. ಪದ್ಮಿನಿ ಕಾರಿನ ಸೋಲೆಕ್ಸ್ ಕಾರ್ಬೊರೇಟರಿನ ಗಂಟಲು ಒಂದೇ ಅಳತೆಯದು, ಇದರದು ಹಾಗಲ್ಲ. ಮೇಲಿನ ಗುಮ್ಮಟದೊಳಗೆ ಒಂದು ಪಿಸ್ಟನ್ ಇದೆ. ಎಂಜಿನ್ ಹೆಚ್ಚು ಗಾಳಿ ಕೇಳಿದಷ್ಟೂ ಆ ಪಿಸ್ಟನ್ ಮೇಲೇರಿ ದಾರಿ ಅಗಲ ಮಾಡುತ್ತದೆ. ಅದಕ್ಕೆ ಅಂಟಿದ ಸೂಜಿಯೂ ಜೊತೆಗೇ ಏರುವುದರಿಂದ ಪೆಟ್ರೋಲೂ ಅದಕ್ಕೆ ತಕ್ಕಷ್ಟು ಬರುತ್ತದೆ. ಪಿಸ್ಟನ್ ಏರಬೇಕಾದರೆ ಮೇಲಿನ ಗುಮ್ಮಟದಲ್ಲಿ ಎಳೆತ ಇರಬೇಕು, ಕೆಳಗಿನ ಖಾಲಿಗೆ ಹೊರಗಿನ ಗಾಳಿ ಧಾರಾಳವಾಗಿ ಬರಬೇಕು. ಆ ಗಾಳಿ ಬರುವುದು ಫಿಲ್ಟರ್ ಕೂರುವ ಫ್ಲ್ಯಾಂಜಿನ ಮೇಲ್ಭಾಗದಲ್ಲಿರುವ ಎರಡು ಪುಟ್ಟ ತೂತುಗಳಿಂದ.

ಸ್ಕಿನ್ನರ್ ಸಹೋದರರು ಇಂಗ್ಲೆಂಡಿನಲ್ಲಿ ಇದನ್ನು ಮೊದಲು ಮಾಡಿದಾಗ ಪಿಸ್ಟನ್ ಇರಲಿಲ್ಲ, ಚರ್ಮದ ತಿದಿ ಇತ್ತು. ಅವರ ಮನೆತನದ್ದು ಪಾದರಕ್ಷೆಯ ವ್ಯಾಪಾರ, ಚರ್ಮ ಕೈಗೆಟುಕುವ ವಸ್ತು. ಕುಲುಮೆ ನೋಡಿದವರಿಗೆ ಎಸ್‌ಯು ಅರ್ಥ ಮಾಡಿಸುವುದು ಸುಲಭ. ತಿದಿಯ ಗಾಳಿ ಬರುವ ಬಾಯನ್ನು ಅಂಗೈಯಿಂದ ಮುಚ್ಚಿ ಮೇಲೆತ್ತಿ ನೋಡಿ, ಎತ್ತಲು ಆಗುವುದಿಲ್ಲ. ಮೂರು ತೂತಿನ ಪ್ಯಾಕಿಂಗ್ ಮಾಡುವುದು ಅದನ್ನೇ. ಪಿಸ್ಟನ್ ಅರ್ಧಕ್ಕೆ ನಿಲ್ಲುತ್ತದೆ, ಗಾಳಿಯ ದಾರಿ ಇಕ್ಕಟ್ಟಾಗುತ್ತದೆ, ಗಾಳಿಗಿಂತ ಪೆಟ್ರೋಲು ಹೆಚ್ಚಾಗಿ ಮಿಕ್ಸ್ಚರ್ ರಿಚ್ ಆಗುತ್ತದೆ. ಸ್ಲೋ ಸ್ಪೀಡ್‌ನಲ್ಲಿ ಪಿಸ್ಟನ್ ಹೇಗೂ ತಳದಲ್ಲೇ ಇರುವುದರಿಂದ ಅಲ್ಲಿ ಏನೂ ಗೊತ್ತಾಗುವುದಿಲ್ಲ.

"ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ರಾ?"

"ನಾಲ್ಕೂ ಮಸಿ."

ಮಸಿ ರಿಚ್ ಮಿಕ್ಸ್ಚರಿನ ಗುರುತು. ಅಲ್ಲಿಗೆ ಸಂಶಯ ಉಳಿಯಲಿಲ್ಲ.

ಪ್ಯಾಕಿಂಗ್ ಕತ್ತರಿಸುವ ಕ್ರಮವನ್ನು ಭಾವನಿಗೆ ಎರಡು ಸಲ ಹೇಳಿ ಬರೆಸಿದೆ. ಶೀಟು 0.8 ಮಿಲಿಮೀಟರ್ ದಪ್ಪದ್ದಿರಲಿ. ಫ್ಲ್ಯಾಂಜನ್ನು ಒರೆಸಿ, ಬೆರಳಿನಿಂದ ತೆಳ್ಳಗೆ ಗ್ರೀಸ್ ಸವರಿ, ಶೀಟನ್ನು ಅದಕ್ಕೆ ಒತ್ತಿ ತೆಗೆಯಬೇಕು. ಐದೂ ತೂತಿನ ಗುರುತು ತಾನಾಗಿ ಮೂಡುತ್ತದೆ. ಅಳತೆಪಟ್ಟಿ ಬೇಡ, ನೆನಪಿನಿಂದ ಕತ್ತರಿಸುವುದಂತೂ ಬೇಡವೇ ಬೇಡ, ಯಾಕೆಂದರೆ ಎಸ್‌ಯುಗಳಲ್ಲಿ ಒಂದೊಂದು ನಮೂನೆಗೆ ತೂತಿನ ಜಾಗ ಬೇರೆ. ನಡುವಿನ ದೊಡ್ಡ ತೂತು ಗಂಟಲಿಗಿಂತ ಕೂದಲೆಳೆಯಷ್ಟು ದೊಡ್ಡದಿರಲಿ. ಚಿಕ್ಕದಾದರೆ ಅಂಚು ಒಳಕ್ಕೆ ಚಾಚಿ ಗಾಳಿಯನ್ನು ಕದಡುತ್ತದೆ.

ಪ್ಯಾಕಿಂಗ್ ಸರಿಯಿದ್ದೂ ಕೆಡುವುದುಂಟು. ಫಿಲ್ಟರಿನ ಹಿಂಬದಿಯ ತಗಡಿಗೂ ಅದೇ ಎರಡು ಪುಟ್ಟ ತೂತು ಇರಬೇಕು. ಇದ್ದರೂ ಆ ತಗಡನ್ನು ತಲೆಕೆಳಗಾಗಿ ಹಾಕಿದರೆ ಬೋಲ್ಟು ಕೂರುತ್ತದೆ, ಗಾಳಿಯ ತೂತು ಮುಚ್ಚಿಹೋಗುತ್ತದೆ. ತಗಡಿಗೆ ತೂತೇ ಇಲ್ಲದಿದ್ದರೆ ಗುರುತು ಹಾಕಿ ಡ್ರಿಲ್ ಮಾಡಿ, ಅಂಚಿನ ಚೂರುಗಳನ್ನು ಅರದಿಂದ ಉಜ್ಜಿ ತೆಗೆಯಬೇಕು. ತೂತುಗಳು ಫಿಲ್ಟರಿನ ಒಳಗೇ ತೆರೆಯಬೇಕು. ಹೊರಗೆ ತೆರೆದರೆ ಪಿಸ್ಟನ್ನಿನ ಕೆಳಗೆ ಧೂಳು ಸೇರಿ ಅದು ಸಿಕ್ಕಿಕೊಳ್ಳಲು ಶುರುವಾಗುತ್ತದೆ.

ಬೋಲ್ಟಿನ ಥ್ರೆಡ್ ಇಂಚಿನದು. ಹಾರ್ಡ್‌ವೇರ್ ಅಂಗಡಿಯ 8 ಎಂಎಂ ಬೋಲ್ಟು ಎರಡು ಸುತ್ತು ಒಳಗೆ ಹೋದಂತೆ ಕಾಣುತ್ತದೆ, ಮೂರನೆಯ ಸುತ್ತಿಗೆ ಅಲ್ಯೂಮಿನಿಯಂ ಕಿತ್ತುಬರುತ್ತದೆ.

ಎಲ್ಲ ಬಿಗಿದ ಮೇಲೆ ಒಂದು ಪರೀಕ್ಷೆ. ಎಂಜಿನ್ ಆಫ್ ಇರಲಿ. ಪಿಸ್ಟನ್ ಗಕ್ಕನೆ ಏರದಂತೆ ತಡೆಯುವ, ಗುಮ್ಮಟದ ನೆತ್ತಿಯ ಡ್ಯಾಂಪರ್ ಬಿಚ್ಚಿಟ್ಟು, ಕಾರ್ಬೊರೇಟರ್ ಬದಿಯ ಪುಟ್ಟ ಪಿನ್ನಿನಿಂದ ಪಿಸ್ಟನ್ ಎತ್ತಿ ಬಿಡಬೇಕು. ಟಕ್ ಎಂದು ತಳಕ್ಕೆ ಬಿದ್ದರೆ ಸರಿ. ಫಿಲ್ಟರ್ ಇಲ್ಲದೆ ಟಕ್ ಎಂದು, ಫಿಲ್ಟರ್ ಹಾಕಿದಾಗ ಮೆಲ್ಲಗೆ ಇಳಿದರೆ ತೂತು ಎಲ್ಲೋ ಮುಚ್ಚಿದೆ. ಡ್ಯಾಂಪರ್ ವಾಪಸ್ ಹಾಕುವಾಗ ಪಿಸ್ಟನ್ನಿನ ಟೊಳ್ಳು ಕಂಬದ ತುದಿಗಿಂತ 13 ಮಿಲಿಮೀಟರ್ ಮೇಲಕ್ಕೆ ಬರುವಷ್ಟು ಎಣ್ಣೆ ತುಂಬಬೇಕು. ನಮ್ಮ ಸೆಕೆಗೆ 20ಡಬ್ಲ್ಯೂ-50 ಎಂಜಿನ್ ಆಯಿಲ್ ನಡೆಯುತ್ತದೆ.

ಫಿಲ್ಟರಿನ ಗಾತ್ರದ ಬಗ್ಗೆ ಭಾವನಿಗೆ ನಂಬಿಕೆ ಬರಲಿಲ್ಲ. ಅಷ್ಟು ಚಿಕ್ಕ ತಟ್ಟೆ ಸಾಕಾಗುತ್ತಾ ಅಂತ. ಲೆಕ್ಕ ಹಾಕಿದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ 1.489 ಲೀಟರ್ ಗಾಳಿ ಎಳೆಯುತ್ತದೆ. 3,000 ಆರ್‌ಪಿಎಂನಲ್ಲಿ ಪೂರ್ತಿ ಕಾಲು ಒತ್ತಿದರೆ ನಿಮಿಷಕ್ಕೆ ಹೆಚ್ಚೆಂದರೆ 2,200 ಲೀಟರ್, 200 ಲೀಟರಿನ ಹನ್ನೊಂದು ಬ್ಯಾರೆಲ್. ಇಷ್ಟೂ ಗಾಳಿ ಹೋಗುವುದು ಸುಮಾರು 8 ಚದರ ಸೆಂಟಿಮೀಟರಿನ ಗಂಟಲಲ್ಲಿ. 150 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಫಿಲ್ಟರಿನ ಸುತ್ತಲಿನ ಮೈಯೇ 210 ಚದರ ಸೆಂಟಿಮೀಟರಿಗೂ ಮೇಲಾಗುತ್ತದೆ. ಗಂಟಲಿನ ಇಪ್ಪತ್ತಾರು ಪಟ್ಟು. ಕಾಗದದ್ದಾದರೆ ಮಡಿಕೆಗಳಲ್ಲಿ ಇನ್ನೂ ಹೆಚ್ಚು.

ಸಾಕಾಗದಿರುವುದು ಇನ್ನೊಂದು ಕಡೆ. ಗಂಟಲಿನ ಬಾಯಿಗೂ ಫಿಲ್ಟರಿನ ಮುಂದಿನ ಮುಚ್ಚಳಕ್ಕೂ ನಡುವಿನ ಅಂತರ. 8 ಮಿಲಿಮೀಟರಿಗಿಂತ ಕಡಿಮೆಯಾದರೆ ಅಲ್ಲಿನ ದಾರಿ ಗಂಟಲಿಗಿಂತಲೂ ಇಕ್ಕಟ್ಟು. 32 ಮಿಲಿಮೀಟರ್, ಅಂದರೆ ಗಂಟಲಿನಷ್ಟೇ ಅಂತರ ಇದ್ದರೆ ನೆಮ್ಮದಿ. ತೀರ ತೆಳ್ಳಗಿನ ತಟ್ಟೆ ಫಿಲ್ಟರುಗಳು ಸೋಲುವುದು ಇಲ್ಲೇ. ಹಾಗಂತ ದಪ್ಪನೆಯದು ತಂದರೆ ಮಡ್ಗಾರ್ಡಿನ ಒಳಗೋಡೆಗೆ ತಗುಲೀತು. ಬಾನೆಟ್ ತೆರೆದು, ಒಬ್ಬರು ಆಕ್ಸಿಲರೇಟರ್ ಗಕ್ಕನೆ ಒತ್ತಿ ಬಿಡಲಿ, ಇನ್ನೊಬ್ಬರು ನೋಡಲಿ. ಮೌಂಟಿಂಗ್ ರಬ್ಬರಿನ ಮೇಲೆ ಎಂಜಿನ್ ವಾಲುತ್ತದೆ. ಎಷ್ಟೇ ವಾಲಿದರೂ ಬೆರಳು ತೂರುವಷ್ಟು ಜಾಗ ಉಳಿಯಬೇಕು.

ಕಾರ್ಬೊರೇಟರಿನ ಪೆಟ್ರೋಲು ಕೂಡಿಡುವ ಫ್ಲೋಟ್ ಚೇಂಬರಿನ ಓವರ್‌ಫ್ಲೋ ಪೈಪನ್ನು ಹೊಸ ತಗಡು ಅಮುಕಿದೆಯಾ, ಪಕ್ಕಕ್ಕೆ ತಳ್ಳಿದೆಯಾ ಅಂತ ಟಾರ್ಚ್ ಹಾಕಿ ನೋಡಲು ಹೇಳಿದೆ. ಅದರ ತುದಿ ಎಗ್ಸಾಸ್ಟಿನಿಂದ ದೂರಕ್ಕೆ, ಕೆಳಕ್ಕೆ ಹೋಗಬೇಕು. ಫ್ಲೋಟಿನ ಸೂಜಿ ಕಸ ಕಚ್ಚಿಕೊಂಡ ದಿನ ಪೆಟ್ರೋಲು ಹೊರಬರುವ ದಾರಿ ಅದು.

ಎಂಜಿನ್ ನೆತ್ತಿಯ ರಾಕರ್ ಕವರಿನಿಂದ ಬರುವ ರಬ್ಬರ್ ಪೈಪು ಏನಾಯಿತು ಅಂದೆ. "ಅದು ಸುಮ್ಮನೆ ಜೋತಾಡ್ತಿದೆ."

ಹಳೆಯ ಡಬ್ಬಿಗೆ ಆ ಪೈಪು ಸೇರಿಕೊಳ್ಳುತ್ತಿತ್ತು. ಎಂಜಿನ್ನಿನ ಒಳಗಿನ ಹಬೆ ಆ ದಾರಿಯಲ್ಲಿ ಹೊರಬಂದು ಉರಿದುಹೋಗುತ್ತಿತ್ತು. ಎಂಜಿನ್ ಬದಿಯ ಟ್ಯಾಪೆಟ್ ಕವರಿನಿಂದ ಕೆಳಕ್ಕಿಳಿಯುವ ಇನ್ನೊಂದು ಪೈಪು ಓಡುವ ಗಾಡಿಯ ಗಾಳಿಗೆ ಹಬೆ ಎಳೆಯುತ್ತಿರುತ್ತದೆ. ಆ ಎಳೆತಕ್ಕೆ ಮೇಲಿನ ತೆರೆದ ಪೈಪು ಧೂಳನ್ನು ನೇರ ಎಂಜಿನ್ ಆಯಿಲ್ಲಿಗೇ ಸೇರಿಸುತ್ತದೆ, ಕಾರ್ಬೊರೇಟರಿಗೆ ಎಂಥ ಫಿಲ್ಟರ್ ಇದ್ದರೂ. ಹೊಸ ಫಿಲ್ಟರಿನ ತಗಡಿಗೆ ಒಂದು ತುಂಡು ಪೈಪು ಬೆಸುಗೆ ಹಾಕಿಸಿ ಅದಕ್ಕೆ ಜೋಡಿಸುವುದು ಒಳ್ಳೆಯದು. ಆಗದಿದ್ದರೆ ಪೈಪಿನ ತುದಿಗೆ ಪುಟ್ಟ ಬ್ರೀದರ್ ಫಿಲ್ಟರ್. ಬಿರಡೆ ಹಾಕಿ ಮುಚ್ಚಬಾರದು, ಒತ್ತಡ ಹೆಚ್ಚಿ ಆಯಿಲ್ ಸೀಲಿನಿಂದ ಸೋರುತ್ತದೆ.

ಧೂಳಿನ ಕಾಲವೇ ಇದು. ರಾಗಿ, ಹುರುಳಿ ಕೊಯ್ಲಾಗಿ ರಸ್ತೆಯ ಮೇಲೇ ಹರಡುತ್ತಾರೆ. ಮುಂದಿನ ಲಾರಿ ತುಳಿದು ಹೋದರೆ ಹೊಟ್ಟು, ಮಣ್ಣು ಎಲ್ಲ ಹಿಂದಿನ ಗಾಡಿಯ ಮುಖಕ್ಕೆ. ಹೊಟ್ಟು ಉರಿದುಹೋಗುತ್ತದೆ, ಮಣ್ಣಿನ ಮರಳು ಉರಿಯುವುದಿಲ್ಲ. ಸಿಲಿಂಡರ್ ಗೋಡೆಯ ಎಣ್ಣೆಯೊಡನೆ ಕಲೆತು ಸಾಣೆಯ ಹಾಗೆ ರಿಂಗುಗಳನ್ನು ತಿನ್ನುತ್ತದೆ. ಮೊದಲು ಕಂಪ್ರೆಷನ್ ಇಳಿಯುತ್ತದೆ, ಆಮೇಲೆ ನೀಲಿ ಹೊಗೆ, ಆಮೇಲೆ ಬೋರಿಂಗ್ ಖರ್ಚು.

ಟ್ಯೂನಿಂಗ್ ಕೊನೆಗೆ. ಹಳೆಯ ಡಬ್ಬಿಯ ತಡೆ ಹೋಗಿರುವುದರಿಂದ ಮಿಕ್ಸ್ಚರ್ ಲೀನ್ ಕಡೆಗೆ ಸರಿದಿರುತ್ತದೆ. ಈಗ ಬಂಕಿನಲ್ಲಿ ಸಿಗುವ, ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿನಿಂದ ಇನ್ನೂ ಶೇಕಡಾ 7–8ರಷ್ಟು ಲೀನ್. ತಿಪಟೂರಿನ ಎತ್ತರಕ್ಕೆ ಗಾಳಿ ತೆಳುವಾಗಿ ಒಂದಿಷ್ಟು ರಿಚ್ ಕಡೆಗೆ ವಾಲುತ್ತದಾದರೂ ಅದು ಇ20ರ ಅರ್ಧವನ್ನಷ್ಟೇ ತುಂಬೀತು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಚೋಕ್ ಪೂರ್ತಿ ಒಳಗಿಟ್ಟು, ಸೂಜಿ ಇಳಿಯುವ ಪೆಟ್ರೋಲಿನ ಜೆಟ್ಟಿನ ಕೆಳಗಿನ ಆರು ಮುಖದ ನಟ್ಟನ್ನು ಒಂದೊಂದೇ ಮುಖ ತಿರುಗಿಸಬೇಕು. ನಟ್ ಕೆಳಗಿಳಿದರೆ ರಿಚ್, ಮೇಲೇರಿದರೆ ಲೀನ್. ದಿಕ್ಕು ತಪ್ಪಿಹೋದರೆ ನಟ್ಟನ್ನು ಜೆಟ್ ಸೇತುವೆಯ, ಅಂದರೆ ಗಂಟಲಿನ ತಳದ, ಮಟ್ಟಕ್ಕೆ ಬರುವವರೆಗೆ ಏರಿಸಿ, ಅಲ್ಲಿಂದ ಹನ್ನೆರಡು ಮುಖ ಇಳಿಸಿ ಮತ್ತೆ ಶುರುಮಾಡಬೇಕು. ಪಿನ್ನಿನಿಂದ ಪಿಸ್ಟನ್ನನ್ನು 0.8 ಮಿಲಿಮೀಟರ್ ಮಾತ್ರ ಎತ್ತಿ ಕಿವಿಗೊಡಬೇಕು. ಎಂಜಿನ್ ವೇಗ ಏರಿ ಹಾಗೇ ಉಳಿದರೆ ರಿಚ್. ನಿಂತುಹೋಗುವಂತಾದರೆ ಲೀನ್. ಒಂದು ಕ್ಷಣ ಏರಿ ತಿರುಗಿ ತನ್ನ ಜಾಗಕ್ಕೆ ಬಂದರೆ ಸರಿ.

ಸ್ಲೋ ಸ್ಪೀಡ್‌ನಲ್ಲಿ ಸರಿಯಿದ್ದು ಏರಿನಲ್ಲಿ ಲೀನ್ ಆಗಿ ಪ್ಲಗ್ ಬೆಳ್ಳಗಾದರೆ ನಟ್ ತಿರುಗಿಸಿ ಫಲವಿಲ್ಲ, ಪಿಸ್ಟನ್ನಿನ ಸೂಜಿಯನ್ನೇ ರಿಚ್ ನಮೂನೆಯದಕ್ಕೆ ಬದಲಿಸಬೇಕು. ಅದು ಇನ್ನೊಂದು ದಿನದ ಕೆಲಸ. ಮಸಿ ಹಿಡಿದ ಈ ಪ್ಲಗ್ಗುಗಳನ್ನು ಉಜ್ಜಿ ತೊಳೆಯದೆ ಯಾವ ಬಣ್ಣವನ್ನೂ ನಂಬುವಂತಿಲ್ಲ.

ಸೀಲ್ ಸರಿಯಾಗಿ ಕೂತಿದೆಯಾ ತಿಳಿಯಲು ತಗಡಿನ ಒಳಮೈಗೆ, ಗಂಟಲಿನ ಸುತ್ತ, ತೆಳ್ಳಗೆ ಗ್ರೀಸ್ ಸವರಿ 200 ಕಿಲೋಮೀಟರ್ ಓಡಿಸಿ ಬಿಚ್ಚಿ ನೋಡಿ ಅಂದಿದ್ದೇನೆ. ಬೆರಳಿಗೆ ಕರಕರ ಅಂದರೆ ಗಾಳಿ ಫಿಲ್ಟರ್ ತಪ್ಪಿಸಿ ಒಳಗೆ ನುಗ್ಗುತ್ತಿದೆ.

ಇಷ್ಟೆಲ್ಲ ಹೇಳಿ ಫೋನಿಟ್ಟ ಮೇಲೆ ಹೊಳೆಯಿತು. ಆ ಆಯಿಲ್ ಬಾತ್ ಡಬ್ಬಿ ಎಲ್ಲಿದೆ ಅಂತ ಕೇಳಲೇ ಇಲ್ಲ. ಐವತ್ತು ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ಗಾಡಿಗಳ ವಿಎ ಅಕ್ಷರದ ನಂಬರ್ ಪ್ಲೇಟ್ ಮಾಡಿಸುವ ಆಸೆ ಭಾವನಿಗೆ ಇದೆ, ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ ಆ ನಿಯಮ. ಬೋಲ್ಟು ಬಿಚ್ಚಿ ಬದಲಿಸುವ ಫಿಲ್ಟರಿನಿಂದ ತೊಂದರೆಯಾಗಲಿಕ್ಕಿಲ್ಲ, ಆದರೂ ಮೂಲದ್ದು ಮನೆಯಲ್ಲಿರಬೇಕು. ಅದೇನು ಕೆಟ್ಟ ವಸ್ತುವೂ ಅಲ್ಲ. ಗಾಳಿ ಎಣ್ಣೆಯ ಮೇಲೆ ಹಾಯ್ದು ಗಕ್ಕನೆ ಮೇಲಕ್ಕೆ ತಿರುಗುವಾಗ ಭಾರದ ಧೂಳು ಎಣ್ಣೆಗೆ ಬೀಳುತ್ತದೆ, ಉಳಿದದ್ದನ್ನು ಎಣ್ಣೆಯಿಂದ ಹಸಿಯಾದ ಜಾಲರಿ ಹಿಡಿಯುತ್ತದೆ. ಸೀಮೆಎಣ್ಣೆಯಲ್ಲಿ ಜಾಲರಿ ತೊಳೆದು, ಒಣಗಿಸಿ, ಗುರುತಿನ ಗೆರೆಯವರೆಗೆ ಮಾತ್ರ ಹೊಸ ಆಯಿಲ್ ಹಾಕಿದರೆ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಗೆರೆ ಮೀರಿ ತುಂಬಿದರೆ ಎಂಜಿನ್ ಅದನ್ನೇ ಹೀರಿ ಹೊಗೆ ಕಾರುತ್ತದೆ. ಮೇಸ್ತ್ರಿ ಅದನ್ನು ಬಿಚ್ಚಿದ್ದಾದರೂ ಯಾಕೆ? ಬಹುಶಃ ಎಣ್ಣೆ ಹೆಚ್ಚಾಗಿ ಹೊಗೆ ಬರುತ್ತಿತ್ತೇನೋ, ಹಾಗಿದ್ದರೆ ಹೊಸ ಫಿಲ್ಟರೇ ಬೇಕಿರಲಿಲ್ಲ. ಗುಜರಿ ಗಾಡಿಯವನು ತಿಪಟೂರಿನ ಆ ಬೀದಿಗೆ ಬರುವುದು ಸೋಮವಾರ ಬೆಳಿಗ್ಗೆ, ಏಳಕ್ಕೆ ಮುಂಚೆಯೇ ಭಾವನಿಗೆ ಫೋನು ಮಾಡಬೇಕು.