ತುಟಿ ಆಡಿಸದವರ ಪಟ್ಟಿ

ನಾನು ಎಂಟನೆಯ ತರಗತಿಯಲ್ಲಿದ್ದಾಗ, ನಮ್ಮ ವಸತಿ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಯಾರು ಹಾಡುತ್ತಿಲ್ಲ ಎಂದು ಗಮನಿಸಿ ಅವರ ಹೆಸರು ಬರೆದಿಡುವ ಕೆಲಸ ಕ್ಲಾಸ್ ಲೀಡರ್ ಆಗಿದ್ದ ನನ್ನದಾಗಿತ್ತು. ಅದಕ್ಕೆಂದೇ ಅಂಗೈಯಗಲದ ಒಂದು ಪುಸ್ತಕವಿತ್ತು. ಅದರ ಹೊಲಿಗೆಗೆ ಗಿಡ್ಡ ಪೆನ್ಸಿಲೊಂದನ್ನು ದಾರದಿಂದ ಕಟ್ಟಿದ್ದೆ. ಪಿ.ಟಿ. ಮೇಷ್ಟ್ರು 'ಸಾವಧಾನ್' ಎಂದ ಕೂಡಲೇ ಸಾಲಿನ ಮುಂದೆ ನಿಂತು ಎಲ್ಲರ ತುಟಿಗಳನ್ನೂ ನೋಡುತ್ತಿದ್ದೆ. ಆ ಪುಸ್ತಕದಲ್ಲಿ ಮತ್ತೆ ಮತ್ತೆ ಬಂದದ್ದು ಒಬ್ಬನದೇ ಹೆಸರು.

ಅವನು ತುಂಟನಲ್ಲ. ಕೈಮುಗಿದು, ಕಣ್ಣು ಮುಚ್ಚಿ, ನಮ್ಮೆಲ್ಲರಿಗಿಂತ ನೆಟ್ಟಗೆ ನಿಲ್ಲುತ್ತಿದ್ದ, ಹಾಡುತ್ತಿರಲಿಲ್ಲ, ಅಷ್ಟೇ. ಮೇಷ್ಟ್ರು ಗದರಿಸಿ ಕೇಳಿದಾಗ, "ನಾನು ಹಾಡಿದ್ರೆ ಹಾಡು ಕೇಳಿಸಲ್ಲ ಸರ್, ನಂಗೆ ಕೇಳಬೇಕು" ಎಂದ. ಅದನ್ನು ಎದುರುತ್ತರವೆಂದೇ ಎಣಿಸಿ, ಪ್ರಾರ್ಥನೆ ಮುಗಿದ ಮೇಲೂ ಅವನನ್ನು ಮೈದಾನದಲ್ಲಿ ಮಂಡಿಯೂರಿಸಿದರು. ಮಂಡಿಗೆ ಒತ್ತಿಕೊಂಡ ಕಲ್ಲಿನ ಚೂರುಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸುತ್ತ ಅವನು ತರಗತಿಗೆ ಬಂದದ್ದು ನನ್ನ ಕಣ್ಣಿಗೆ ಇಂದಿಗೂ ಕಟ್ಟಿದಂತಿದೆ.

ಎಷ್ಟೋ ವರ್ಷಗಳ ನಂತರ, ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರ ಆಗಸ್ಟ್ 11ರಂದು ನೀಡಿದ ತೀರ್ಪನ್ನು ಓದುವಾಗ ನನಗೆ ಅವನು ನೆನಪಾದ. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ, ಕೇರಳದ ಒಂದೇ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಗೆ ಒಪ್ಪದ ಕಾರಣ ಹಾಡುತ್ತಿರಲಿಲ್ಲ. ಅವರ ಅಕ್ಕಂದಿರೂ ಹಿಂದೆ ಹಾಗೆಯೇ ನಿಂತು ಓದು ಮುಗಿಸಿದ್ದರು, ಯಾರೂ ಆಕ್ಷೇಪಿಸಿರಲಿಲ್ಲ. 1985ರ ಜುಲೈನಲ್ಲಿ ಯಾರದೋ ಕಣ್ಣು ಈ ಮಕ್ಕಳ ಮೇಲೆ ಬಿದ್ದು, ವಿಷಯ ವಿಧಾನಸಭೆಯವರೆಗೆ ಹೋಗಿ, ಮಕ್ಕಳು ಅಗೌರವ ತೋರಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂದರೂ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಬರೆದ ತೀರ್ಪು, ಎದ್ದು ನಿಂತರೆ ಗೌರವ ಸಲ್ಲಿಸಿದಂತೆಯೇ, ದನಿಗೂಡಿಸಲಿಲ್ಲವೆಂಬ ಮಾತ್ರಕ್ಕೆ ಅದು ಅಗೌರವವಾಗದು ಎಂದಿತು. ನ್ಯಾಯಾಲಯ ಆ ಮಕ್ಕಳು ಹೇಗೆ ನಿಂತಿದ್ದರು ಎಂಬುದನ್ನು ನೋಡಿತ್ತು; ನಾನು ನೋಡಿದ್ದು ತುಟಿಯನ್ನು ಮಾತ್ರ.

ಪ್ರಾರ್ಥನೆಯೇ ಬೇಡವೆನ್ನುವವನಲ್ಲ ನಾನು. ಚಳಿಗಾಲದ ಬೆಳಗಿನಲ್ಲಿ ನೂರಾರು ಕಂಠಗಳು ಒಂದಾದಾಗ ಮೈ ನವಿರೇಳುತ್ತಿತ್ತು. ಆ ಅನುಭವ ಕೊಟ್ಟ ಶಾಲೆಗೆ ನಾನು ಋಣಿ. ಆದರೆ ಸಂಪ್ರದಾಯದ ಹೆಸರಿನಲ್ಲಿ ಅವನನ್ನು ದಂಡಿಸಿದವರು ಆ ಸಂಪ್ರದಾಯವನ್ನಾದರೂ ಪೂರ್ತಿ ನೆನೆಯಬೇಕಿತ್ತು. ನವವಿಧ ಭಕ್ತಿಯಲ್ಲಿ ಮೊದಲನೆಯದು ಶ್ರವಣ, ಕೀರ್ತನೆ ಬರುವುದು ಅದರ ನಂತರ; ಇದನ್ನು ನೀತಿಪಾಠದ ತರಗತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದು ಅದೇ ಶಾಲೆ. 'ನಂಗೆ ಕೇಳಬೇಕು' ಎಂದ ಹುಡುಗನಿಗೂ ಆ ಪಾಠಕ್ಕೂ ಇದ್ದ ನಂಟು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಅವನು ತುಟಿ ಆಡಿಸತೊಡಗಿದ. ದನಿ ಹೊರಡುತ್ತಿಲ್ಲವೆಂಬುದು ಅಕ್ಕಪಕ್ಕದವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹೆಸರು ಬರೆಯುವ ಕಾರಣ ಉಳಿಯಲಿಲ್ಲ, ಮೇಷ್ಟ್ರಿಗೂ ಸಮಾಧಾನವಾಯಿತು. ಆದರೆ ಅಂದಿನಿಂದ ಅವನು ಕಣ್ಣು ಮುಚ್ಚುವುದನ್ನು ಬಿಟ್ಟ. ನಾನು ಎತ್ತ ನೋಡುತ್ತಿದ್ದೇನೆ ಎಂಬುದರ ಮೇಲೆ ಅವನಿಗೆ ನಿಗಾ ಇರಬೇಕಿತ್ತು.