‘ಠ’ದ ಚುಕ್ಕಿ ಉಳಿಸಿಕೊಂಡ ಕಥೆ

ನಾನು ಮಾಡುವ ಚಾಕುಗಳ ಮೇಲೆ ನನ್ನ ಗುರುತು ‘ಠ’. ದೊಡ್ಡ ಕಾರಣವೇನಿಲ್ಲ, ದುಂಡಗೆ ಚೆನ್ನಾಗಿ ಕಾಣುತ್ತೆ ಅಂತ ಅಷ್ಟೆ. ಮನೆಯಲ್ಲಿ ‘ಠಕ್ಕನ ಠ’ ಅಂತ ಆಡಿಕೊಳ್ಳುತ್ತಾರೆ. ಅದರ ಒಳಗಿನ ಚುಕ್ಕಿ ಮೂರು ವಾರ ನನ್ನನ್ನು ಗೋಳು ಹೊಯ್ದುಕೊಳ್ಳುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಆ ಗುರುತನ್ನು ಅಲಗಿನ ಮೇಲೆ ಕರೆಂಟಿನಿಂದ ಕೊರೆಯುತ್ತೇನೆ. ಅದಕ್ಕೆ ನನ್ನ ಸರಂಜಾಮು ತೀರಾ ಸರಳ. 12 ವೋಲ್ಟ್‌ನ ಹಳೆಯ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಅಡಾಪ್ಟರ್, ಎರಡು ಕ್ಲಿಪ್, ಹತ್ತಿ, ಉಪ್ಪುನೀರು. ಪ್ಲಸ್ ತಂತಿ ಅಲಗಿಗೆ, ಮೈನಸ್ ತಂತಿ ಹತ್ತಿ ಸುತ್ತಿದ ಮೊಳೆಗೆ. ವಿನೈಲ್ ಸ್ಟೆನ್ಸಿಲ್, ಅಂದರೆ ಅಕ್ಷರದ ಆಕಾರ ಕತ್ತರಿಸಿ ತೆಗೆದ ಪ್ಲಾಸ್ಟಿಕ್ ಸ್ಟಿಕ್ಕರ್, ಅಂಟಿಸಿ ಒದ್ದೆ ಹತ್ತಿ ಒತ್ತಿದರೆ, ತೆರೆದಿರುವ ಜಾಗದ ಕಬ್ಬಿಣ ಕರಗಿ ಉಪ್ಪುನೀರಿಗೆ ಇಳಿಯುತ್ತದೆ.

ಮೊದಲ ದಿನ ತಂತಿಗಳೇ ಅದಲುಬದಲಾಗಿದ್ದವು. ಗುಳ್ಳೆಗಳು ಭರ್ಜರಿಯಾಗಿ ಬಂದವು, ನಾನೂ ಖುಷಿಯಾಗಿದ್ದೆ. ಸ್ಟೆನ್ಸಿಲ್ ಕಿತ್ತು ನೋಡಿದರೆ ಅಲಗು ಹೊಳೆಯುತ್ತಿದೆ, ಸವೆದಿದ್ದು ಮೊಳೆ! ಈಗ ಅನುಮಾನ ಬಂದರೆ ಎರಡೂ ತಂತಿಯ ತುದಿಗಳನ್ನು, ಒಂದಕ್ಕೊಂದು ತಾಗದ ಹಾಗೆ, ಉಪ್ಪುನೀರಿನಲ್ಲಿ ಅದ್ದಿ ನೋಡುತ್ತೇನೆ. ಸಣ್ಣ ಗುಳ್ಳೆಗಳು ಜಾಸ್ತಿ ಏಳುವುದು ಮೈನಸ್.

ಅಸಲಿ ತಲೆನೋವು ಶುರುವಾಗಿದ್ದು ಆಮೇಲೆ. ಹೊರಗಿನ ಸುತ್ತು ಹೇಗೋ ಬರುತ್ತಿತ್ತು, ಒಳಗಿನ ಚುಕ್ಕಿ ಮಾತ್ರ ಸುತ್ತಿಗೇ ಸೇರಿಕೊಂಡು ಒಂದು ಉಂಡೆಯಾಗುತ್ತಿತ್ತು. ಕರೆಂಟ್ ಸಾಲದು ಅಂದುಕೊಂಡೆ. ಹೆಚ್ಚು ಹೊತ್ತು ಒತ್ತಿದೆ. ಉಪ್ಪು ಜಾಸ್ತಿ ಮಾಡಿದೆ. ಉಂಡೆ ಇನ್ನೂ ದಪ್ಪವಾಯಿತು, ಅಷ್ಟೆ.

ಒಂದು ಸಂಜೆ ಸುಮ್ನೆ ಭೂತಗನ್ನಡಿ ಹಿಡಿದು, ದೀಪವನ್ನು ಓರೆಯಾಗಿಟ್ಟು ನೋಡಿದೆ. ಅಕ್ಷರದ ಅಂಚಿನಿಂದ ಕೂದಲೆಳೆಯಂಥ ಬೂದು ಗೆರೆಗಳು ಹೊರಟಿದ್ದವು. ಎಲ್ಲವೂ ಒಂದೇ ದಿಕ್ಕಿಗೆ, ನಾನು ಒರಟಾದ 120 ನಂಬರಿನ ಉಜ್ಜುಕಾಗದ ಎಳೆದ ದಿಕ್ಕಿಗೇ! ಅಂದರೆ ಉಜ್ಜಿದ ಗೀರುಗಳೇ ಕಾಲುವೆಗಳಾಗಿ, ಉಪ್ಪುನೀರನ್ನು ವಿನೈಲ್ ಅಡಿಗೆ ಹರಿಸುತ್ತಿದ್ದವು. ಕರೆಂಟಿನದು ಏನೂ ತಪ್ಪಿರಲಿಲ್ಲ. ಸುತ್ತಿಗೂ ಚುಕ್ಕಿಗೂ ನಡುವೆ ಇರುವುದು ಬಳೆಯಂಥ ಒಂದು ತೆಳು ವಿನೈಲ್ ತುಂಡು. ನನ್ನ ಗುರುತು ಇಡೀ 8 ಮಿಲಿಮೀಟರ್, ಆ ಬಳೆ ಎಷ್ಟಿರಬೇಡ! ಹೆಚ್ಚು ಹೊತ್ತು ಒತ್ತಿದಾಗ ಬಿಸಿಗೆ ಅದರ ಅಂಟು ಮೆತ್ತಗಾಗಿ, ತುಂಡು ಸದ್ದಿಲ್ಲದೆ ಮೇಲೇಳುತ್ತಿತ್ತು.

ಹಾಗಾಗಿ ಈಗ ಆ ಜಾಗವನ್ನು ಇನ್ನೂ ನಯವಾದ 400, ಆಮೇಲೆ 600 ನಂಬರಿನ ಕಾಗದದಲ್ಲಿ ಉಜ್ಜುತ್ತೇನೆ. ಜಿಡ್ಡು ತೆಗೆಯುವ ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಬೆರಳು ತಾಗಿಸುವುದಿಲ್ಲ. ಸ್ಟೆನ್ಸಿಲ್ ಅಂಟಿಸಿ ಚಮಚದ ಬೆನ್ನಿನಿಂದ ತೀಡುತ್ತೇನೆ, ಆ ಬಳೆಯ ಮೇಲಂತೂ ಎರಡು ಸಲ. ಹತ್ತಿ ಹಿಂಡಿದರೆ ಹನಿ ಬೀಳಬಾರದು. ನನ್ನ ಪ್ರಕಾರ ಅರ್ಧ ಕೆಲಸ ಕೆಡುವುದು ತೊಪ್ಪೆಯಾದ ಹತ್ತಿಯಿಂದಲೇ. ಮೂರು ಸೆಕೆಂಡ್ ಒತ್ತು, ಮೂರು ಸೆಕೆಂಡ್ ಬಿಡು. ಒತ್ತಿದಾಗ ಸಣ್ಣಗೆ ಚುರ್ ಅನ್ನುತ್ತದೆ, ಹತ್ತಿ ಕಂದು ಕಪ್ಪಾಗುತ್ತದೆ. ಕಪ್ಪಾದ ಹತ್ತಿ ಬದಲಿಸಿ ಮತ್ತೆ ಶುರು. ಸುಮಾರು ಹದಿನೈದು ಸಲಕ್ಕೆ ಉಗುರಿಗೆ ಸಿಗುವಷ್ಟು ಆಳ ಬರುತ್ತದೆ.

ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಉಪ್ಪುನೀರಿನಿಂದ ಸ್ವಲ್ಪ ಕ್ಲೋರಿನ್ ಏಳಬಹುದು. ಸ್ಟೇನ್‌ಲೆಸ್ ಆದರೆ ಕ್ರೋಮಿಯಂ ಕೂಡ ನೀರಿಗೆ ಇಳಿಯುತ್ತದೆ, ಅದು ಒಳ್ಳೆಯದಲ್ಲ. ಗೋಡೆಯ ಕರೆಂಟನ್ನು ನೇರವಾಗಿ ಕೊಡುವ ಸಾಹಸವಂತೂ ಬೇಡವೇ ಬೇಡ.

ಡಿಸಿಯಲ್ಲಿ ಆಳ ಸಿಗುತ್ತದೆ, ಬಣ್ಣ ಮಾತ್ರ ಬೂದು. ಕಪ್ಪು ಬೇಕಾದವರು ಕೊನೆಗೆ ಕಡಿಮೆ ವೋಲ್ಟೇಜಿನ ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಎರಡು ಮೂರು ಸೆಕೆಂಡ್ ಕೊಡುತ್ತಾರೆ. ಅದಕ್ಕೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು. ನನಗೆ ಬೂದೇ ಇಷ್ಟ. ಸೋಮಾರಿತನವೂ ಹೌದು ಅನ್ನಿ.

ಇನ್ನೊಂದು ಪೆಟ್ಟು ತಿಂದಿದ್ದು ತೊಳೆಯುವುದರಲ್ಲಿ. ಚೆನ್ನಾಗಿ ಬಂತು ಅಂತ ಬರೀ ಒರೆಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅಕ್ಷರದ ಸುತ್ತ ಕಿತ್ತಳೆ ಬಣ್ಣದ ತುಕ್ಕು. ಕಾರ್ಬನ್ ಸ್ಟೀಲ್, ಮೇಲೆ ಉಪ್ಪು, ಇನ್ನೇನಾಗುತ್ತೆ ಅಲ್ವಾ? ಈಗ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಣಗಿಸಿ, ಅಲ್ಲೇ ಎಣ್ಣೆ ಹಚ್ಚಿ ಏಳುತ್ತೇನೆ.

ನಿನ್ನೆಯ ಅಲಗಿನಲ್ಲಿ ಚುಕ್ಕಿ ಚುಕ್ಕಿಯಾಗಿಯೇ ಉಳಿದಿದೆ, ಸುತ್ತಲೂ ಹೊಳೆಯುವ ಬಳೆ. ತಲಕಟ್ಟಿನ ತುದಿ ಮಾತ್ರ ಇನ್ನೂ ಸ್ವಲ್ಪ ದಪ್ಪ. ಮುಂದಿನ ಸ್ಟೆನ್ಸಿಲ್‌ನಲ್ಲಿ ಅಲ್ಲಿ ಒಂದು ಕೂದಲಷ್ಟು ಸಣ್ಣ ಕತ್ತರಿಸಿ ನೋಡಬೇಕು.