ಪ್ರಯಾನ್ ಮಣಿಸರ: ಕುರಿಯ 171 ಕೊನೆಗೂ ಸಿಕ್ಕಿತು

ಮೂರು ಭಾನುವಾರ ಹಾಳಾದ ಮೇಲೆ, ನಿನ್ನೆ ರಾತ್ರಿ ಕುರಿಯ 171ನೇ ಮಣಿ ಮನುಷ್ಯನ 168ರ ಎದುರಿಗೆ ಬಂದು ಕೂತಿತು!

ಪೋಣಿಸಿದ ಕಥೆ ಬಿಡಿ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ, ಹಾಗಾಗಿ ಒಂದು ಅಮೈನೋ ಆಮ್ಲಕ್ಕೆ ಒಂದು ಮಣಿ. ಪ್ರಯಾನ್ ಅಂದರೆ ಮಡಿಕೆ ತಪ್ಪಿದರೆ ಮಿದುಳಿನ ರೋಗ ತರುವ ಪ್ರೋಟೀನು. ಮನುಷ್ಯನದಕ್ಕೆ 253, ಕುರಿಗೆ 256, ಹಸುವಿಗೆ 264. ಹಳೇ ಪ್ಲೈವುಡ್ ಮೇಲೆ ಮೂರನ್ನೂ ತಲೆ ಸಮ ಮಾಡಿ ಚಾಚಿದೆ. ಅಲ್ಲೇ ಎಡವಟ್ಟಾಗಿದ್ದು. 171ರಲ್ಲಿ ಗ್ಲುಟಮಿನ್ ಇದ್ದ ಕುರಿಗೆ ಸ್ಕ್ರೇಪಿ ಅನ್ನೋ ಪ್ರಯಾನ್ ರೋಗ ಸುಲಭವಾಗಿ ಹತ್ತುತ್ತದೆ, ಆರ್ಜಿನಿನ್ ಇದ್ದರೆ ಹತ್ತುವುದು ಕಷ್ಟ. ನಾನು ಅದನ್ನು ಮನುಷ್ಯನ 171ಕ್ಕೆ ಹೋಲಿಸುತ್ತಾ ಕೂತಿದ್ದೆ. ಅದು ಬೇರೆಯದೇ ಮಣಿ!

ಸರಿ, ಕಂಪ್ಯೂಟರಿನಲ್ಲಿ ಜೋಡಿಸೋಣ ಅಂದುಕೊಂಡೆ. ಹಸು ಬಂತು, ತಲೆ ಕೆಟ್ಟಿತು. ತಲೆಯ ಕಡೆ ಎಂಟೆಂಟು ಮಣಿಯ ತುಣುಕು ಮತ್ತೆ ಮತ್ತೆ ಬರುತ್ತದಲ್ವಾ, ಅದು ಮನುಷ್ಯನಲ್ಲಿ ಐದು ಸಲ, ನನ್ನ ಹಸುವಿನಲ್ಲಿ ಆರು ಸಲ. ತುಣುಕುಗಳು ಹೆಚ್ಚುಕಮ್ಮಿ ಒಂದೇ ಥರ. ಹಾಗಾಗಿ ಪ್ರೋಗ್ರಾಂ ಚಿಕ್ಕ ಸರದಲ್ಲಿ ಬಿಡಬೇಕಾದ ಖಾಲಿ ಜಾಗವನ್ನು ಎಲ್ಲಿಟ್ಟರೂ ಹೋಲಿಕೆಯ ಅಂಕ ಹೆಚ್ಚುಕಮ್ಮಿ ಅಷ್ಟೇ. ನನಗೆ ಒಂದು ತುಣುಕಿನ ನಟ್ಟನಡುವೆ ಕತ್ತರಿಸಿ ಕೊಟ್ಟಿತು. "ಆರರಲ್ಲಿ ಹೆಚ್ಚುವರಿ ತುಣುಕು ಯಾವುದು?" ಅನ್ನೋ ಪ್ರಶ್ನೆಯೇ ತಪ್ಪು. ಅವಳಿಗಳಲ್ಲಿ ಹೆಚ್ಚುವರಿ ಯಾರು ಅಂತ ಕೇಳಿದ ಹಾಗೆ.

ಆಮೇಲೆ ತಲೆಯ ಕಡೆಯಿಂದ ಹಿಡಿಯೋದು ಬಿಟ್ಟೆ. ಸಿಸ್ಟೀನ್ ಅನ್ನೋ ಅಮೈನೋ ಆಮ್ಲದ ಎರಡು ಮಣಿ ಒಂದಕ್ಕೊಂದು ಕಟ್ಟಿಕೊಂಡ ಗಂಟು ಇದೆಯಲ್ಲ, ಮನುಷ್ಯನಲ್ಲಿ 179 ಮತ್ತು 214, ಅಲ್ಲಿ ಗುಂಡುಪಿನ್ನು ಚುಚ್ಚಿದೆ. ಅದರಲ್ಲಿ ಮೊದಲನೆಯದು ಕುರಿಯಲ್ಲಿ 182, ಹಸುವಿನಲ್ಲಿ 190. ಎಲ್ಲ ತಾನಾಗೇ ಸಾಲಾಯಿತು. ಹಸುವಿನ ಹೆಚ್ಚುವರಿ ಎಂಟನ್ನು ಜುಮುಕಿಯ ಹಾಗೆ ಇಳಿಬಿಟ್ಟೆ. ಮನುಷ್ಯನ 168ರಲ್ಲಿ ಗ್ಲುಟಮಿನ್ನೂ ಇಲ್ಲ, ಆರ್ಜಿನಿನ್ನೂ ಇಲ್ಲ, ಗ್ಲುಟಮೇಟ್! ಅಮ್ಮ ನೋಡಿ "ಯಾರ ಮದುವೆಗೋ ಈ ಸರ?" ಅಂದರು.

ಮಣಿ ಕಳಿಸಿದವರ ಬಗ್ಗೆ ಎರಡು ಮಾತು. ಗ್ಲೈಸೀನ್‌ಗೆ ಬಿಳಿ ಬೇಕಿತ್ತು. ಈ ಪ್ರೋಟೀನಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋದು ಅದೇ, ಎಂಟರ ತುಣುಕಿನಲ್ಲೇ ನಾಲ್ಕು. ಎರಡನೇ ಪೊಟ್ಟಣದಲ್ಲಿ ಬಂದದ್ದು ಹಾಲಿನ ಕೆನೆ ಬಣ್ಣ, ತೂತೂ ಸಣ್ಣದು. ಸೂಜಿ ಮುರಿಯಿತು.

ಈ ಸಿಟ್ಟಿನಲ್ಲೇ ಹೊಳೆದದ್ದು: ಮುಂದೆ ಆಕ್ಸಿಟೋಸಿನ್, ವ್ಯಾಸೊಪ್ರೆಸಿನ್ ಅನ್ನೋ ಪುಟ್ಟ ಹಾರ್ಮೋನುಗಳನ್ನು ಮಾಡಬೇಕು. ಒಂಬತ್ತೇ ಮಣಿ! ಇಲ್ಲೂ ಸಿಸ್ಟೀನ್ ಗಂಟು, 1ಕ್ಕೂ 6ಕ್ಕೂ. ಎರಡಕ್ಕೂ ವ್ಯತ್ಯಾಸ ಇರೋದು ಮೂರನೇ ಮತ್ತು ಎಂಟನೇ ಮಣಿಯಲ್ಲಿ ಮಾತ್ರ. ಹಂದಿಯ ವ್ಯಾಸೊಪ್ರೆಸಿನ್‌ನಲ್ಲಿ ಎಂಟನೆಯದು ಆರ್ಜಿನಿನ್ ಬದಲು ಲೈಸೀನ್. ಒಂದು ಸಂಜೆಯ ಕೆಲಸ.

ಅದಕ್ಕೂ ಮೊದಲು ಎಲ್ಕ್ ಜಿಂಕೆಯ ಸರ ಬಾಕಿ ಇದೆ. ಅದರ 132ನೇ ಮಣಿ ನಮ್ಮ 129ರ ಎದುರು ಬರಬೇಕು. ಬಿಳಿ ಮಣಿ ಬೇರೆ ಅಂಗಡಿಯಿಂದ ಮಂಗಳವಾರ ಬರುತ್ತಂತೆ.